ಗೌಂಡಿ ಎಲ್ಲಿ?

ಮನೂರಿನಲ್ಲಿ ಶಾಂತಪ್ಪನ ಹೊಸ ಮನೆಯ ಗೋಡೆ ಏಳುವಾಗ ದಾರಿಯಲ್ಲಿ ಹೋಗುವವರೆಲ್ಲ ನಿಂತು ಕೇಳುತ್ತಿದ್ದ ಮಾತು ಒಂದೇ: "ಗೌಂಡಿ ಎಲ್ಲಿ?" ಕರಣಿ ಹಿಡಿದು ಕಲ್ಲು ಕೂಡಿಸುತ್ತಿದ್ದ ಕೌಶಲ್ಯಾ, "ಇಲ್ಲೇ ಅದಾಳ್ರಿ" ಎನ್ನುತ್ತಿದ್ದಳು. ಅವರು ಅವಳ ಬೆನ್ನ ಹಿಂದೆ ಇಣುಕಿ, "ಇನ್ನಾ ಬಂದಿಲ್ಲೇನು?" ಎಂದು ಮುಂದೆ ಹೋಗುತ್ತಿದ್ದರು.

ಅವಳ ಅಪ್ಪ ಗೌಂಡಿಯಾಗಿದ್ದ. ಗೋಡೆ ಕಟ್ಟುವುದು, ಗಿಲಾವು ಮಾಡುವುದು ಎಲ್ಲ ಅವನ ಕೈಕೆಳಗೇ ಕಲಿತವಳು. ಅಪ್ಪನನ್ನು ಊರು ಗೌಂಡಿ ಎಂದಿತು, ಅವಳನ್ನು ಗೌಂಡೆಮ್ಮ ಎಂದಿತು. ಗೌಂಡೆಮ್ಮ ಎಂದರೆ ಗೌಂಡಿಯ ಹೆಂಡತಿ. ಅವಳ ಗಂಡ ಶಿವಾಜಿ ನಾರಾಯಣಖೇಡಕ್ಕೆ ಆಟೋ ಹೊಡೆಯುವವನು. ಅವನು ಕರಣಿ ಮುಟ್ಟಿದ್ದು ಒಮ್ಮೆ ಮಾತ್ರ, ಚಕ್ರಕ್ಕೆ ಮೆತ್ತಿದ ಕೆಸರು ಕೆರೆಯಲು. ಅದಕ್ಕೂ ಬೈಸಿಕೊಂಡಿದ್ದ.

ಗೃಹಪ್ರವೇಶಕ್ಕೆ ಜಹೀರಾಬಾದಿನ ಗೊಬ್ಬರದ ವ್ಯಾಪಾರಿ ಧನರಾಜ ಬಂದಿದ್ದ. ಅವನೂ ಮನೆ ಕಟ್ಟಿಸುವವನಿದ್ದ. ಮೆಟ್ಟಿಲು ಹತ್ತಿ ಇಳಿದು, ಗೋಡೆಗೆ ಅಂಗೈ ಸವರಿ, "ಈ ಗೌಂಡಿನೇ ನನಗ ಬೇಕು ನೋಡ್ರಿ" ಎಂದ.

ಬಾಗಿಲ ಹತ್ತಿರ ಕುಳಿತಿದ್ದ ಕೌಶಲ್ಯಾಳ ಕಿವಿ ಅತ್ತಲೇ ಇತ್ತು. ಊರಲ್ಲಿ ಇನ್ನು ಮನೆ ಕಟ್ಟಿಸುವವರಿರಲಿಲ್ಲ. ಈ ಕೆಲಸ ತಪ್ಪಿದರೆ ಯಾರದೋ ಕೈಕೆಳಗೆ ಪುಟ್ಟಿ ಹೊತ್ತು ಗಾರೆ ಕೊಡುವ ಕೂಲಿಯೇ ಗತಿ.

"ಬರತಾರ, ಬರತಾರ" ಎಂದ ಶಾಂತಪ್ಪ. ಬರತಾನ ಎಂದರೆ ಸುಳ್ಳಾಗುತ್ತಿತ್ತು. ಬರತಾಳ ಎನ್ನಲು ನಾಲಗೆ ಏಳಲಿಲ್ಲ. ಮರ್ಯಾದೆಯ ಮಾತಿನೊಳಗೆ ಹೊಕ್ಕು ಕುಳಿತ.

ಮನೆ ಕಟ್ಟಿದವರಿಗೆ ಬಟ್ಟೆ ಕೊಟ್ಟು ಆಯೇರಿ ಮಾಡುವ ಹೊತ್ತಾಯಿತು. "ಗೌಂಡಿ ಬರ್ರಿ" ಎಂದು ಶಾಂತಪ್ಪ ಕೂಗಿದ. ಕೌಶಲ್ಯಾ ಎದ್ದಳು. ಶಾಂತಪ್ಪನ ಹೆಂಡತಿ ಮಂಗಲಾ ಅವಳ ಭುಜ ಒತ್ತಿ ಕೂಡಿಸಿದಳು.

"ನಿನಗೂ ಸೀರಿ ಇಟ್ಟೀನವ್ವ ಗೌಂಡೆಮ್ಮ. ಮೊದಲ ಗೌಂಡಿದ ಆಗಲಿ."

"ಯಾವ ಗೌಂಡಿದ್ರಿ ಅಕ್ಕಾ?"

"ರುಮಾಲ ಸುತ್ತೋದು ಗಂಡಸಿಗೆ. ನಿನ್ನ ತಲಿಗೆ ಸುತ್ತಾಕ ಬರತದೇನು?"

ಹೊರಗೆ ಆಟೋಕ್ಕೆ ಮಂದಿ ತುಂಬಿಸಲು ಹಾರ್ನ್ ಹೊಡೆಯುತ್ತಿದ್ದ ಶಿವಾಜಿಯನ್ನು ಯಾರೋ ಎಳೆದು ತಂದು ಮಣೆಯ ಮೇಲೆ ಕೂಡಿಸಿದರು. ತಲೆಗೆ ರುಮಾಲು ಬಿತ್ತು. ಊಟಕ್ಕೆ ಕರೆದಿರಬೇಕೆಂದು ಅವನು ಕೈ ತೊಳೆಯಲು ನೀರು ಕೇಳಿದ.

ಧನರಾಜ ಅವನ ಪಕ್ಕಕ್ಕೆ ಸರಿದು ಕುಳಿತ. "ನಮ್ಮ ಮನಿಗೂ ಬರಬೇಕ್ರಿ ನೀವು."

"ಬರತೀನ್ರಿ. ಎಷ್ಟ ಮಂದಿ ಇದ್ದೀರಿ?"

"ಅದು ನೀವು ಹೇಳಬೇಕಲ್ರಿ. ಎಷ್ಟ ಮಂದಿ ಬೇಕಾಗತಾರ?"

"ಹಿಂದ ಆರು, ಮುಂದ ನನ್ನ ಬಾಜೂಕ ಇಬ್ಬರು. ಲೇಕಿನ್ ಜಹೀರಾಬಾದ್ ತನಕ ಅಂದ್ರ ಪೊಲೀಸರು ಹಿಡಿತಾರ್ರಿ."

ಧನರಾಜ ಶಾಂತಪ್ಪನನ್ನು ನೋಡಿದ. ಶಾಂತಪ್ಪ ಮಾಳಿಗೆ ನೋಡಿದ.

ಕೌಶಲ್ಯಾಳಿಗೆ ನಗು ಬರಲಿಲ್ಲ. ಎದ್ದು ನಿಂತು, "ಏನ್ರೀ, ಆ ರುಮಾಲ ತಗೀರಿ. ಈ ಗೋಡಿ ನೀವು ಕಟ್ಟೀರೇನು?" ಎಂದಳು ಗಂಡನಿಗೆ.

"ನಾ ಎಲ್ಲಿ ಕಟ್ಟೀನಿ?" ಶಿವಾಜಿ ಗಾಬರಿಯಾದ. "ನಾ ಆಟೋದಾಂವ್ರಿ. ಗೌಂಡಿ ಅಲ್ಲಿ ನಿಂತಾಳ."

"ಸಿಟ್ಟಾಗಬ್ಯಾಡ ಗೌಂಡೆಮ್ಮ" ಎಂದ ಶಾಂತಪ್ಪ.

"ಗೌಂಡೆಮ್ಮ ಅನಬ್ಯಾಡ್ರಿ! ನಾ ಆಟೋದಾಂವನ ಹೆಂಡ್ತಿ. ಗೌಂಡಿ ನಾನೇ. ಇಡೀ ಮನಿ ಕಟ್ಟಿ ಕೊಟ್ಟೀನಿ, ಒಂದು ಮಾತು ಅನ್ನಾಕ ಏನ್ ತ್ರಾಸ ಆಗತದ್ರಿ ನಿಮಗ?"

ಧನರಾಜ ಅವಳನ್ನು ನೋಡಿದ. ಎದ್ದು ಹೋಗಿ ಮತ್ತೊಮ್ಮೆ ಗೋಡೆ ಸವರಿದ. ಅದು ಮೊದಲಿನಷ್ಟೇ ನುಣುಪಾಗಿತ್ತು. ಫೋನ್ ತೆಗೆದು ಹೆಂಡತಿಗೆ ಹಚ್ಚಿದ. "ಹಲೋ, ಗೌಂಡಿ ಸಿಕ್ಕಾ..." ಅಲ್ಲಿಗೆ ಮಾತು ನಿಂತಿತು. "ಸಿಕ್ಕಾರ" ಎಂದ.

"ಸಿಕ್ಕಾಳ ಅನ್ರಿ ಸಾವಕಾರ್ರ" ಎಂದಳು ಕೌಶಲ್ಯಾ. "ಇಲ್ಲಾಂದ್ರ ನಾ ಬಂದ ದಿನ ನನ್ನ ಕೈಯಾಗ ಪುಟ್ಟಿ ಕೊಟ್ಟು, ಗೌಂಡಿ ದಾರಿ ಕಾಯಕೋತ ಕುಂದರತಾರ ನಿಮ್ಮ ಮನಿಯವರು."

ಧನರಾಜ ಕೆಮ್ಮಿದ. "ಸಿಕ್ಕಾಳ. ಗೌಂಡಿ ಸಿಕ್ಕಾಳ."

ಫೋನಿನೊಳಗಿನ ದನಿ ಪಡಸಾಲೆಗೆಲ್ಲ ಕೇಳಿಸಿತು. "ಗೌಂಡಿ ಹೆಂಡ್ತಿನ ತಗೊಂಡು ಏನ್ ಮಾಡತೀರಿ? ಗೌಂಡಿ ಎಲ್ಲಿ?"

ಕೌಶಲ್ಯಾ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

"ಫೋನ್ ಈ ಕಡೆ ಕೊಡ್ರಿ."