ಚಿಕ್ಕಮ್ಮನ ‘ಹಾಗಂತ’

ನಮ್ಮ ಚಿಕ್ಕಮ್ಮನ ಯಾವ ಮಾತೂ ನೆಟ್ಟಗೆ ಹೋಗಿ ಮುಗಿಯುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ‘ಹಾಗಂತ’ ಎಂಬ ತಿರುವು ತೆಗೆದುಕೊಂಡು, ತಲೆದೂಗುತ್ತಿದ್ದವರ ಕಡೆಗೇ ನುಗ್ಗುತ್ತಿತ್ತು. ಸೊಸೆಯ ಮೇಲೆ ದೂರು ಹೊತ್ತು ಬಂದ ನೆರೆಮನೆಯಾಕೆಗೆ, ಅವಳದು ತಪ್ಪೇ ಹೌದು, ಹಾಗಂತ ನಿನ್ನದೇನು ಕಮ್ಮಿ ಎಂದು ಕೇಳಿಬಿಡುವಳು. ಹೀಗಾಗಿ ಅವಳ ಮನೆಗೆ ಚಾಡಿ ಹೇಳಲು ಬರುವವರು ವಿರಳ.

ಇಸ್ತ್ರಿಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಅವಳು ಕೆಲಸಗಾರ್ತಿ, ಕಾರ್ಮಿಕ ಸಂಘದ ಅಧ್ಯಕ್ಷೆಯೂ ಹೌದು. ಚಿಕ್ಕಪ್ಪನದೂ ಅದೇ ವಿಭಾಗ. ನಾನು ಮೇಲಿನ ಮಹಡಿಯ ಕಚೇರಿಯಲ್ಲಿ ಗುಮಾಸ್ತ. ಚಿಕ್ಕಮ್ಮ, ಕಂಪನಿ ಕೊಟ್ಟಿದ್ದ ಗಂಡಸರ ಅಳತೆಯ ನೀಲಿ ಕೋಟನ್ನು ತೋಳು ಮಡಚಿ ತೊಟ್ಟು, ಮಂಡಿಗೆ ಬಡಿಯುವ ಅದರ ಅಂಚನ್ನು ಒದೆಯುತ್ತ ನಡೆಯುವಳು. ಹೆಂಗಸರ ಅಳತೆಯಲ್ಲಿ ಹೊಲಿಸಿಕೊಡುವ ತನಕ ತಾನಾಗಿ ಕತ್ತರಿಸಿಕೊಳ್ಳೆನೆಂಬ ಹಟ. ಬಹಳ ಕಾಲ ಹೋರಾಡಿ ಅಂಥ ಕೋಟುಗಳನ್ನು ಗಿಟ್ಟಿಸಿ ಎಲ್ಲರಿಗೂ ಹಂಚಿದಳು. ತನಗೆ ಹಳೆಯದೇ ಸಲೀಸು ಎಂದಳು.

ಒಂದು ವರ್ಷ ನಮ್ಮ ಪೆಟ್ಟಿಗೆಗಳು ಶಾಕ್ ಹೊಡೆಯತೊಡಗಿದವು. ಅಂಗಡಿಗಳಿಂದ ಮಾಲು ವಾಪಸು ಬಂತು. ಒಬ್ಬ ದರ್ಜಿಯ ಬಲಗೈ ಸುಟ್ಟು ಆತ ಆಸ್ಪತ್ರೆ ಸೇರಿದ. ಸಂಘದ ಬೆಂಬಲದಿಂದ ಕೊಬ್ಬಿದ ಕೆಲಸಗಾರರ ಅಸಡ್ಡೆಯೇ ಕಾರಣವೆಂದು ಆಡಳಿತ. ಆಡಳಿತದ ಜಿಪುಣತನವೆಂದು ಸಂಘ. ಎರಡೂ ಕಡೆಯವರು ಕೂತ ಸಭೆಯಲ್ಲಿ ನಡಾವಳಿ ಬರೆದುಕೊಳ್ಳಲು ನಾನಿದ್ದೆ. ಚಿಕ್ಕಮ್ಮ ಎದ್ದು, ಅಗ್ಗದ ವೈರು ತರಿಸಿದ್ದೂ, ಅದರ ಹೊದಿಕೆ ಬಿಸಿಗೆ ಬಿರಿಯುತ್ತದೆಂದ ಕೆಲಸಗಾರರನ್ನು ಗದರಿಸಿದ್ದೂ ಆಡಳಿತವೇ ಎಂದಾಗ ಸಂಘದವರು ಮೇಜು ಕುಟ್ಟಿದರು. ಅವಳು ಕೂರಲಿಲ್ಲ.

“ಹಾಗಂತ ನಮ್ಮ ಕೈ ಶುದ್ಧ ಅಂತ ಹೇಳಲ್ಲ. ವೈರು ಹಿಡಿದಿಡೋ ಸ್ಕ್ರೂನ ನಾವೂ ಪೂರ್ತಿ ಬಿಗಿ ಮಾಡ್ತಿರಲಿಲ್ಲ, ಬೇಗ ಮುಗೀಲಿ ಅಂತ. ಆ ದರ್ಜಿ ಕೈ ಸುಟ್ಟಿದ್ದಕ್ಕೆ ನೀವೂ ಕಾರಣ, ನಾವೂ ಕಾರಣ.”

ಮರುದಿನ ಗೇಟಿನ ಬಳಿಯ ಆಡಳಿತದ ಫಲಕದಲ್ಲಿ ಅವಳ ಮಾತಿನ ಎರಡನೆಯ ಅರ್ಧ, ಸ್ಕ್ರೂ ಬಿಗಿ ಮಾಡದ ತಪ್ಪೊಪ್ಪಿಗೆ, ಮಾತ್ರ ಅಚ್ಚಾಗಿ ಬಂತು, ಅದರಡಿ ಅಮಾನತಾದವರ ಹೆಸರುಗಳು. ಚಿಕ್ಕಪ್ಪನ ಹೆಸರೂ ಇತ್ತು. ಅಂದಿನಿಂದ ಅವರು ಹೆಂಡತಿಯೊಡನೆ ಮಾತು ಬಿಟ್ಟರು. ಸಾರಿಗೆ ಉಪ್ಪು ಸಾಲದೆಂಬುದೂ ಅವರ ಮನೆಯಲ್ಲೇ ಇದ್ದ ನನ್ನ ಮೂಲಕವೇ ಅಡುಗೆಮನೆಗೆ ತಲುಪಬೇಕು. ಸಂಘದವರಂತೂ ಅವಳು ತಮ್ಮನ್ನು ಮಾರಿಬಿಟ್ಟಳೆಂದೇ ಆಡಿಕೊಂಡರು. ಅವಳು ಪಾಳಿ ಬದಲಾಗುವಾಗಲೆಲ್ಲ ಆ ಫಲಕದ ಪಕ್ಕ ನಿಂತು, ಅಲ್ಲಿಲ್ಲದ ಮೊದಲ ಅರ್ಧವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಮ್ಯಾನೇಜರು ಕಿಟಕಿ ಮುಚ್ಚಿಸಿದರು.

ಕೊನೆಗೆ ಹೊರಗಿನವರಿಂದ ತನಿಖೆಯಾಯಿತು. ವಾಪಸು ಬಂದ ಪೆಟ್ಟಿಗೆಗಳನ್ನು ಬಿಚ್ಚಿದಾಗ ಬಿರಿದ ವೈರೂ ಸಿಕ್ಕಿತು, ಸಡಿಲ ಸ್ಕ್ರೂ ಕೂಡ. ಅಮಾನತು ರದ್ದಾಯಿತು, ವೈರು ಬದಲಾಯಿತು. ಕಳಪೆ ಭಾಗವನ್ನು ಜೋಡಿಸದೆ ಪಕ್ಕಕ್ಕಿಡುವ ಹಕ್ಕು ಕೆಲಸಗಾರರಿಗೆ ದಕ್ಕಿತು. ಮುಂದಿನ ಚುನಾವಣೆಯಲ್ಲಿ ಅದೇ ಕೆಲಸಗಾರರು ಅವಳನ್ನು ಹೀನಾಯವಾಗಿ ಸೋಲಿಸಿದರು. ತಮ್ಮ ಮತ ಯಾರಿಗೆಂದು ಚಿಕ್ಕಪ್ಪ ಹೇಳಲಿಲ್ಲ, ಅಂದು ಸಂಜೆ ಮಾತ್ರ ನೇರವಾಗಿ ಅವಳನ್ನೇ, “ಟೀ ಇದ್ಯಾ?” ಎಂದು ಕೇಳಿದರು.

ದರ್ಜಿಯ ಕ್ಷಮೆ ಕೇಳಬೇಕೆಂಬ ಅವಳ ಸಲಹೆಗೆ ಆಡಳಿತವೂ ಒಪ್ಪಿರಲಿಲ್ಲ, ಸಂಘವೂ ಒಪ್ಪಿರಲಿಲ್ಲ. ಸೋತ ಮೇಲೆ ನನ್ನನ್ನು ಕರೆದುಕೊಂಡು ತಾನೇ ಹೋದಳು. ಎಡಗೈಯಲ್ಲಿ ಕತ್ತರಿ ಹಿಡಿಯಲು ಕಲಿಯುತ್ತಿದ್ದ ಆತ ತಲೆಯೆತ್ತಿ, ಕಂಪನಿ ಕಡೆಯವರೋ ಸಂಘದ ಕಡೆಯವರೋ ಎಂದು ಕೇಳಿದ.

“ಪೆಟ್ಟಿಗೆ ಜೋಡಿಸಿದವಳು,” ಎಂದಳು ಚಿಕ್ಕಮ್ಮ.

ಆತ ಕಾಲಿನಿಂದ ಸ್ಟೂಲನ್ನು ಇತ್ತ ಸರಿಸಿದ.

ಇಂಥವರನ್ನು ಸ್ವಪಕ್ಷವೇ ದ್ರೋಹಿಗಳೆನ್ನುತ್ತದೆ, ಪ್ರತಿಪಕ್ಷ ಆಯುಧವಾಗಿಸಿಕೊಳ್ಳುತ್ತದೆ. ಅವರ ಕೊರಳಿಗೆ ಯಾರ ಹಾರವೂ ಬೀಳುವುದಿಲ್ಲ. ಆದರೆ ಯಜಮಾನರೂ ದುಡಿಯುವವರೂ ಎದುರುಬದುರಾಗಿ ಕೂತ ಸಭೆಗಳಲ್ಲಿ, ಅಲ್ಲಿಲ್ಲದ ಮೂರನೆಯವನೊಬ್ಬನಿರುತ್ತಾನೆ: ಆ ವಸ್ತುವನ್ನು ನಂಬಿ ಮನೆಗೊಯ್ಯುವವನು. ಅವನ ಕುರ್ಚಿಯಲ್ಲಿ ಕೂರಲು ಒಪ್ಪುವವರು ಇವರಷ್ಟೆ.