ನೆಲ ಮುಟ್ಟಿದ ವೀಣೆ

ಸೋಮಶೇಖರ ಮಾಸ್ತರರಿಗೆ ಆ ಸದ್ದು ಕೇಳಿಸುತ್ತಿದ್ದದ್ದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ದೆವ್ವ ಗಿವ್ವ ಬರಬೇಕಾದರೆ ಕತ್ತಲಾಗಬೇಕು, ನಾಯಿ ಊಳಿಡಬೇಕು ಅಂತ ಯಾರು ಹೇಳಿದರೋ! ಇವರದು ಹಾಡಹಗಲೇ ಬರುತ್ತಿತ್ತು. ನಾರಾಯಣಖೇಡದ ಸರಕಾರಿ ಶಾಲೆಯಲ್ಲಿ, ಏಳನೇ ತರಗತಿಯ ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತ ನಿಂತಿರುತ್ತಿದ್ದರು. ಬೆನ್ನ ಹಿಂದೆ ಒಂದು ತಂತಿ ಝುಂಯ್ ಎನ್ನುತ್ತಿತ್ತು. ಹಿಂದೆಯೇ, ಕಲ್ಲಿಗೆ ಸೋರೆಬುರುಡೆ ಬಡಿದ ಹಾಗೆ, ಟಕ್.

"ಯಾರಲೇ ಅದು?" ಎಂದು ತಿರುಗಿ ಗದರುತ್ತಿದ್ದರು. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದವು. ಪಾಪ, ಅವಕ್ಕೇನು ಗೊತ್ತು? ಆ ಸದ್ದು ಮಾಡಿದ್ದು ಸ್ವತಃ ಮಾಸ್ತರರೇ, ಅದೂ ಹೋದ ವರ್ಷ.

ಅವರ ಊರು ಕಂಗ್ಟಿ ದಾಟಿ ಬೀದರಿನ ಕಡೆ ಹೋಗುವ ದಾರಿಯಲ್ಲಿದೆ. ಊರ ನಡುವೆ ವಿಠಲನ ಗುಡಿ. ಅಕ್ಷಯ ತದಿಗೆಯ ದಿನ ಅಲ್ಲಿ ಸಪ್ತಾಹ ಕೂತಿತೆಂದರೆ ಏಳು ದಿನ, ಹಗಲೂ ರಾತ್ರಿ, ನಾಮ ನಿಲ್ಲುವಂತಿಲ್ಲ. ಒಬ್ಬರು ಕೊರಳಿಗೆ ವೀಣೆ ಹಾಕಿಕೊಂಡು ದೇವರ ಮುಂದೆ ನಿಂತು, ತಂತಿ ಮೀಟುತ್ತ ನಾಮ ಹೇಳಬೇಕು. ಎರಡು ತಾಸಿಗೆ ಪಾಳಿ ಬದಲು. ಮುಂದಿನವರು ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳಬೇಕು, ಒಬ್ಬರ ಕಾಲು ಒಬ್ಬರು ಮುಟ್ಟಬೇಕು, ಆಮೇಲೆ ವೀಣೆ ಈ ಕೊರಳಿಂದ ಆ ಕೊರಳಿಗೆ. ಪಾಳಿಯಲ್ಲಿ ಕೂರುವಂತಿಲ್ಲ. ವೀಣೆಯಂತೂ ನೆಲ ಮುಟ್ಟಲೇಬಾರದು. ಮುಟ್ಟಿಸಿದವನ ಮನೆಗೆ ಕೇಡು ಎಂದು ಊರಿನ ನಂಬಿಕೆ. ನಲವತ್ತು ವರ್ಷ ಹಾಗೇ ನಡೆದುಕೊಂಡು ಬಂದಿತ್ತು.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ರೋಗದ ಎರಡನೇ ಅಲೆ ಬಂತು. ಮುಂಜಾನೆ ಆರರಿಂದ ಹತ್ತರ ತನಕ ಅಂಗಡಿ, ಆಮೇಲೆ ಪೊಲೀಸರ ಜೀಪು. ಸರಿಯಾಗಿ ಆ ವಾರವೇ ಅಕ್ಷಯ ತದಿಗೆ. ಗುಡಿಯ ಮುಂದಿನ ಬೇವಿನ ಕೆಳಗೆ ಹತ್ತಾರು ಮಂದಿ ಸೇರಿದರು.

"ದೇವರ ಬಾಗ್ಲಾ ಮುಚ್ಚಿ ನಾವು ಯಾರ ಬಾಗ್ಲಿಗಿ ಹೋಗೂದ್ರಿ?" ಎಂದು ಗುಡಿಯ ಹಿರಿಯ ಹಣಮಯ್ಯ ಕೂಗಾಡಿದ. "ದವಾಖಾನಿಯವರು ಜಾಗಾ ಇಲ್ಲ ಅಂತ ಕೈ ಎತ್ಯಾರ. ದಾರೂ ದುಕಾನ್ ಮುಂಜಾನೆದ್ದು ತೆರೀತಾವ. ವಿಠಲ ಏನ್ ಪಾಪ ಮಾಡ್ಯಾನ?"

ಮಾತು ಸುಳ್ಳೇನಲ್ಲ. ಹೆದರಿದ ಮನುಷ್ಯನಿಗೆ ಕೈ ಮುಗಿಯುವುದಕ್ಕೊಂದು ಜಾಗ ಬೇಕು.

ಕಂಗ್ಟಿಯ ದವಾಖಾನೆಯಲ್ಲಿ ಕೆಲಸ ಮಾಡುವ ಮಿಲಿಂದ್, ಮಾಸ್ಕಿನೊಳಗಿಂದಲೇ ಮೆಲ್ಲಗೆ ಹೇಳಿದ: "ನಾವೂ ಈ ಸಲ ಬುದ್ಧ ಪೂರ್ಣಿಮಿಗಿ ವಿಹಾರ ತೆರ್ಯಾಂಗಿಲ್ರಿ ಕಾಕಾ. ವಂದನಾ ಮನ್ಯಾಗೇ ಮಾಡ್ತೀವಿ. ಮಂದಿ ಉಳದ್ರ ಮುಂದಿನ ವರ್ಷ ಜೋರ್ ಮಾಡೂಣು."

ಹಣಮಯ್ಯ ಮೂಗು ಮುರಿದ. ಎಲ್ಲರ ಕಣ್ಣೂ ಮಾಸ್ತರರ ಕಡೆ ಹೊರಳಿದವು. ಓದಿದವರು, ಸರಕಾರಿ ಸಂಬಳದವರು, ನ್ಯಾಯ ಹೇಳುವುದಿದ್ದರೆ ಅವರೇ ಹೇಳಬೇಕು. ಮಾಸ್ತರರಿಗೂ ಅದು ಇಷ್ಟವೇ. ಕನ್ನಡಕ ಒರೆಸಿಕೊಂಡು ಒಂದು ಉಪಾಯ ತೆಗೆದರು: ಗುಡಿ ಮುಚ್ಚಿದ್ದೂ ಆಗಬೇಕು, ಸಪ್ತಾಹ ನಡೆದದ್ದೂ ಆಗಬೇಕು. ಭಜನೆ ಬೇಡ, ಊಟ ಬೇಡ, ಮಂದಿ ಬೇಡ. ಬಾಗಿಲು ಹಾಕಿ, ಜೀಪಿನವರಿಗೆ ಕೇಳಿಸದ ಹಾಗೆ ಕಿಟಕಿಯನ್ನೂ ಹಾಕಿ, ಒಳಗೆ ಒಬ್ಬನೇ ವೀಣೆ ಹಿಡಿದು ನಿಲ್ಲಲಿ. ಒಬ್ಬನಿದ್ದರೆ ಗುಂಪು ಹೇಗಾದೀತು?

"ವಾಹ್ ಮಾಸ್ತರ!" ಎಂದ ಹಣಮಯ್ಯ.

"ಒಳಗ ಒಬ್ಬನೇ ಖರೆ ಸಾರ್," ಎಂದ ಮಿಲಿಂದ್. "ಆದ್ರ ವೀಣಾ ಎಲ್ಲರದೂ ಒಂದೇ ಅದ ಅಲ್ರಿ? ಮತ್ತ ಪಾಳಿ ಬದ್ಲಿ ಆಗೂ ಮುಂದ ಅಪ್ಕೊಳ್ಳೂದು?"

"ವೀಣಾಕ್ಕ ಸ್ಯಾನಿಟೈಸರ್ ಹಚ್ಚೂಣೇನಪಾ?" ಎಂದರು ಮಾಸ್ತರರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಪಾಳಿಯ ಪಟ್ಟಿ ಬರೆದು ಗುಡಿಯ ಗೋಡೆಗೆ ಅಂಟಿಸಿದರು. ಮಧ್ಯಾಹ್ನ ಎರಡರಿಂದ ನಾಲ್ಕು ತಮ್ಮದು. ನಾಲ್ಕರಿಂದ ಆರು ಬಾಲರಾಜನದು.

ಬಾಲರಾಜ ಕಲ್ಲುಹಾಸಿನ ಕೆಲಸದವನು. ಹರೆಯದಲ್ಲಿ ತಾಂಡೂರಿನ ಗಣಿಯಲ್ಲಿ ಕಲ್ಲು ಸೀಳಿದ್ದ. ಗುಡಿಯ ನೆಲಕ್ಕೆ ತಾಂಡೂರಿನ ನೀಲಿಗಲ್ಲು ಹಾಸಿದವನೂ ಅವನೇ. ಮಾತು ಕಡಿಮೆ. ಮಗಳು ಸ್ವರೂಪಾಳನ್ನು ಹತ್ತನೇ ತರಗತಿ ದಾಟಿಸಿದ್ದು ಮಾಸ್ತರರು ಎಂದು ಅವನಿಗೆ ಅವರ ಮೇಲೆ ಬಲು ಭಕ್ತಿ.

ನಾಲ್ಕನೇ ದಿನ ಮಾಸ್ತರರಿಗೆ ಜ್ವರ ಬಂತು. ಹೆಂಡತಿ ಮಾಲತೀಬಾಯಿ ಹಣೆ ಮುಟ್ಟಿ ಹೌಹಾರಿದಳು. "ಮೈ ಕೆಂಡ ಆಗ್ಯಾದ. ನಿಮ್ಮ ಪಾಳಿ ಬ್ಯಾರೇದೋರಿಗಿ ಕೊಡ್ರಿ."

ಮಾಸ್ತರರು ಒಂದು ಗುಳಿಗೆ ನುಂಗಿದರು. ಕೊಡಬಹುದಿತ್ತು, ಕೊಡುವವರು ಬೇಕಾದಷ್ಟು ಇದ್ದರು. ಆದರೆ ಜ್ವರ ಎಂದು ಬಾಯಿ ಬಿಟ್ಟರೆ ಮಿಲಿಂದನ ಮಾತು ಖರೆಯಾಗುತ್ತದಲ್ಲ! ಊರೆಲ್ಲ ವಾಹ್ ಎಂದ ಉಪಾಯ ನಾಲ್ಕೇ ದಿನಕ್ಕೆ ಮಣ್ಣುಪಾಲು. ಇಷ್ಟೇ ಕಾರಣ. ದೇವರ ಮೇಲಿನ ಭಕ್ತಿಯಿಂದ ಹೋದೆ ಎಂದು ಆಮೇಲೆ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡರು, ಒಂದು ಸಲವೂ ನಂಬಲಿಲ್ಲ.

ಒಳಗೆ ಗಾಳಿ ಇರಲಿಲ್ಲ. ಎಣ್ಣೆಯ ಹೊಗೆ, ಬೆವರು, ನಾಲ್ಕು ದಿನದಿಂದ ಒಬ್ಬರ ಹಿಂದೆ ಒಬ್ಬರು ಬಿಟ್ಟ ಉಸಿರು. ಮಾಸ್ತರರು ಗಂಟಲು ಹರಿಯುವ ಹಾಗೆ ನಾಮ ಹೇಳಿದರು, ನಡುನಡುವೆ ಕೆಮ್ಮಿದರು. ಮೂರೂವರೆಗೆ ಕಣ್ಣು ಕತ್ತಲಿಟ್ಟಿತು. ಮೊಣಕಾಲು ಸೋತು ಕುಸಿದರು. ಝುಂಯ್. ಟಕ್. ವೀಣೆ ಕಲ್ಲಿನ ಮೇಲೆ ಬಿದ್ದಿತ್ತು. ನಾಮ ನಿಂತಿತ್ತು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ವಾರದಲ್ಲಿ ಗುಡಿ ಸುಮ್ಮನಾಗಿತ್ತು, ಆ ನಿಶ್ಶಬ್ದದಲ್ಲಿ ವಿಠಲ ಸೊಂಟದ ಮೇಲೆ ಕೈ ಇಟ್ಟುಕೊಂಡು ಅವರನ್ನೇ ನೋಡುತ್ತಿದ್ದ.

ಬಾಗಿಲು ಸರಿಯಿತು. ಬಾಲರಾಜ ಬೇಗನೇ ಬಂದುಬಿಟ್ಟಿದ್ದ. ಓಡಿ ಬಂದು ಮೊದಲು ವೀಣೆ ಎತ್ತಿದ, ಆಮೇಲೆ ಮಾಸ್ತರರ ರಟ್ಟೆ ಹಿಡಿದ.

"ಅಯ್ಯ ಮಾಸ್ತರ್ರ, ಮೈ ಸುಡಾಕತ್ತದಲ್ರಿ!"

"ಯಾರ ಮುಂದೂ ಹೇಳಬ್ಯಾಡೋ ಬಾಲರಾಜ. ನಿನ್ನ ಕಾಲ್ ಬೀಳ್ತೀನಿ."

"ನಾ ಏನೂ ನೋಡಿಲ್ಲ ಬಿಡ್ರಿ. ಮನಿಗಿ ಹೋಗಿ ಮಲಕೋರಿ."

ಹಾಗಂದವನು ಪದ್ಧತಿಯಂತೆ ಅವರನ್ನು ಗಟ್ಟಿಯಾಗಿ ಅಪ್ಪಿಕೊಂಡ, ಕಾಲು ಮುಟ್ಟಿದ, ವೀಣೆ ಹಾಕಿಕೊಂಡು ನಾಮ ಎತ್ತಿದ.

ಪಟ್ಟಿಯಲ್ಲಿದ್ದ ಹೆಸರುಗಳ ಸಾಲಿನಲ್ಲೇ ಜ್ವರ ನಡೆದುಕೊಂಡು ಹೋಯಿತು. ಮಾಸ್ತರರು, ಬಾಲರಾಜ, ಮೊಗಲಪ್ಪ, ಕಾಶಿರಾಮ, ಆಮೇಲೆ ಅವರವರ ಮನೆಯವರು. ಬರೆದವರೇ ಮಾಸ್ತರರು, ಅವರಿಗೆ ಆ ಸಾಲು ಬಾಯಿಪಾಠ. ಒಂದೊಂದೇ ಹೆಸರು ಕಿವಿಗೆ ಬಿದ್ದಾಗ ಹಾಸಿಗೆಯಲ್ಲಿ ಮಗ್ಗುಲಾಗುತ್ತಿದ್ದರು. ಹನ್ನೆರಡು ದಿನಕ್ಕೆ ಎದ್ದು ಗಂಜಿ ಕುಡಿದರು. ಉಳಿದವರೂ ಎದ್ದರು. ಬಾಲರಾಜ ಏಳಲಿಲ್ಲ. ಉಸಿರು ಸಿಗದೆ, ನಾರಾಯಣಖೇಡದಲ್ಲಿ ಜಾಗ ಸಿಗದೆ, ಜಹೀರಾಬಾದಿನಲ್ಲಿ ಹೋಗಿಬಿಟ್ಟ. ಮಣ್ಣು ಮಾಡುವುದಕ್ಕೂ ಊರಿಗೆ ತರಲಿಲ್ಲ.

ಸಪ್ತಾಹ ಮುಗಿದ ದಿನ ವೀಣೆಯ ಬುರುಡೆಯಲ್ಲಿ ಒಂದು ಬಿರುಕು ಕಂಡಿತ್ತು. ಬಾಲರಾಜ ಸತ್ತ ಸುದ್ದಿ ಬಂದದ್ದೇ ತಡ, ಊರು ಲೆಕ್ಕ ಹಾಕಿತು. ಸತ್ತವನು ಇವನೊಬ್ಬನೇ. ಹಾಗಾದರೆ ನೆಲ ಮುಟ್ಟಿಸಿದವನೂ ಇವನೇ. "ವೀಣಾ ಕೆಳಗ ಇಟ್ಟು ಕುಂತಾನ. ದೇವರು ಬಿಡ್ತಾನೇನು?" ಎಂದ ಹಣಮಯ್ಯ. ಮಾಸ್ತರರು ಅಲ್ಲೇ ನಿಂತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡರು. ಆ ನಾಳೆಗೆ ಒಂದು ವರ್ಷವಾಯಿತು.

ಆ ವರ್ಷದಲ್ಲಿ ಬಾಲರಾಜನ ಹೆಂಡತಿ ಲಚ್ಚಮ್ಮನ ಅಂಗಳಕ್ಕೆ ಯಾರೂ ಹೆಜ್ಜೆ ಇಡಲಿಲ್ಲ. ಸ್ವರೂಪಾಳನ್ನು ನೋಡಿ ಒಪ್ಪಿದ್ದ ತಾಂಡೂರಿನ ಮನೆಯವರು, ಇದು ದೇವರು ಮುನಿದ ಮನೆ ಎಂದು ಯಾರೋ ಕಿವಿ ಚುಚ್ಚಿದ ಮೇಲೆ, ಒಲ್ಲೆ ಅಂದರು. ಆ ಸುದ್ದಿ ಬಂದ ದಿನ ಶಾಲೆಯಲ್ಲಿ ತಂತಿ ಎರಡು ಸಲ ಮಿಡಿಯಿತು.

ಮರುವರ್ಷ ರೋಗ ಇಳಿದು ಗುಡಿಯ ಬಾಗಿಲು ಅಗಲವಾಗಿ ತೆರೆಯಿತು. ವೀಣೆಯ ಬಿರುಕಿಗೆ ಅರಗು ತುಂಬಿಸಿ ತಂದಿದ್ದರು. ಹಣಮಯ್ಯ ಕಾಗದ ಹಿಡಿದು ಮಾಸ್ತರರ ಕಟ್ಟೆಗೆ ಬಂದ. ಮಾಸ್ತರರು ಪಟ್ಟಿ ಬರೆಯುತ್ತ ಹೋದರು. ತಮ್ಮ ಹೆಸರು ಬರೆದರು, ಕೈ ತನ್ನಷ್ಟಕ್ಕೆ ತಾನೇ ಮುಂದೆ ಬಾಲರಾಜ ಎಂದು ಬರೆದುಬಿಟ್ಟಿತು.

"ಆ ಹೆಸರು ಹೊಡದ್ ಹಾಕ್ರಿ," ಎಂದ ಹಣಮಯ್ಯ. "ಆ ಮನಿದು ಏನೂ ಬ್ಯಾಡ."

ಮಾಸ್ತರರು ಪೆನ್ನು ಹಿಡಿದುಕೊಂಡೇ ಕೂತರು. ಒಂದು ಗೆರೆ ಎಳೆದರೆ ಮುಗಿಯಿತು. ಗೆರೆ ಬರಲಿಲ್ಲ. ನಾಳೆ ಕೊಡ್ತೀನಿ ಎಂದು ಹಣಮಯ್ಯನನ್ನು ಸಾಗಹಾಕಿ, ಚಪ್ಪಲಿಯನ್ನೂ ಮೆಟ್ಟದೆ ಲಚ್ಚಮ್ಮನ ಮನೆಗೆ ಹೋದರು.

ಲಚ್ಚಮ್ಮ ಹೊಸ್ತಿಲ ಬಳಿ ಕೂತು ತೊಗರಿ ಕೇರುತ್ತಿದ್ದಳು. ಮಾಸ್ತರರು ನಿಂತಲ್ಲೇ ಎಲ್ಲ ಹೇಳಿದರು. ಜ್ವರ ಮುಚ್ಚಿಟ್ಟದ್ದು, ಬಿದ್ದದ್ದು, ವೀಣೆ ಒಡೆದದ್ದು, ಬಾಯಿ ಮುಚ್ಚಿಕೊಂಡದ್ದು. ಆಕೆಯ ಕೈಯಲ್ಲಿದ್ದ ಮೊರ ನಿಲ್ಲಲಿಲ್ಲ. ಕಾಳು ಮೇಲೆ ಹಾರಿ ಕೆಳಗೆ ಬೀಳುತ್ತಲೇ ಇದ್ದವು.

"ಗೊತ್ತದ್ರಿ," ಎಂದಳು ಕೊನೆಗೆ.

ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಜಹೀರಾಬಾದಕ್ಕ ಹೋಗೂ ಗಾಡ್ಯಾಗ ಹೇಳ್ಯಾನ. ಉಸ್ರು ಇರಲಿಲ್ಲ, ಆದ್ರೂ ಹೇಳ್ಯಾನ. ಮಾಸ್ತರ್ರ ಹೆಸರು ನೀ ಎಲ್ಲೂ ತೆಗಿಬ್ಯಾಡ, ಅವರೇ ಹೇಳ್ತಾರ, ದೊಡ್ಡ ಮನಷ್ಯಾರು ಅಂದ." ಮೊರ ಕೆಳಗಿಟ್ಟಳು. "ವರ್ಷ ಆತ್ರಿ, ಬಾಗ್ಲಾ ನೋಡ್ಕೋತ ಕುಂತೀನಿ. ನೀವು ಶಾಳಿಗಿ ಹೋಗೂದು ನೋಡ್ತಿದ್ದೆ, ಬರೂದು ನೋಡ್ತಿದ್ದೆ. ಇವತ್ತ ಹೇಳ್ತಾರ, ನಾಳಿಗಿ ಹೇಳ್ತಾರ. ನನ್ನ ಮಗಳ ಸಂಬಂಧ ಮುರದಾಗ ಆದ್ರೂ ಹೇಳ್ತಾರ ಅಂದ್ಕೊಂಡೆ."

"ತಪ್ಪಾತು ತಂಗೀ..."

"ನನ್ನ ಮುಂದ ಹೇಳಿ ಏನ್ ಬಂತ್ರಿ? ನನಗ ಗೊತ್ತಿದ್ದದ್ದೇ ಹೇಳಿದ್ರಿ. ಗುಡ್ಯಾಗ ಹೇಳ್ರಿ. ವೀಣಾ ಕೊಳ್ಳಾಗ ಇದ್ದಾಗ ಹೇಳ್ರಿ."

ಅಕ್ಷಯ ತದಿಗೆ ಬಂತು. ಮಾಸ್ತರರು ಪಟ್ಟಿಯನ್ನು ಇದ್ದ ಹಾಗೆಯೇ ಗುಡಿಯ ಗೋಡೆಗೆ ಅಂಟಿಸಿದ್ದರು. ಗುಡಿ ತುಂಬ ಜನ, ವರ್ಷವಿಡೀ ಹಸಿದಿದ್ದವರ ಹಾಗೆ ಬಂದು ಕೂತಿದ್ದರು. ಎರಡು ಗಂಟೆಗೆ ಮಾಸ್ತರರು ಕಾಶಿರಾಮನಿಂದ ವೀಣೆ ತೆಗೆದುಕೊಂಡರು. ಅರಗಿನ ಗೆರೆ ಎದೆಗೆ ಒತ್ತುತ್ತಿತ್ತು. ಮೂರೂವರೆಯ ತನಕ ನಾಮ ಹೇಳಿದರು. ಆಮೇಲೆ, ತಂತಿ ಮೀಟುವುದನ್ನು ನಿಲ್ಲಿಸದೆ, ಎಲ್ಲವನ್ನೂ ಹೇಳಿದರು. ಎರಡು ಮಾತು, ಒಂದು ನಾಮ, ಮತ್ತೆ ಎರಡು ಮಾತು. ಕೂಗಿ ಹೇಳಲಿಲ್ಲ, ಪಾಠ ಹೇಳುವ ದನಿಯಲ್ಲೇ ಹೇಳಿದರು. ತಾಳದವರ ಕೈ ನಿಂತಿತು. ಮಾಲತೀಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ಮಿಲಿಂದ್ ತಲೆ ತಗ್ಗಿಸಿದ.

ನಾಲ್ಕು ಹೊಡೆಯಿತು. ಬಾಲರಾಜನ ಹೆಸರಿದ್ದಲ್ಲಿ ತಾನು ನಿಲ್ಲುವುದೆಂದು ಹಣಮಯ್ಯನಿಗೆ ಒಪ್ಪಿಕೊಂಡಿದ್ದ ಮೊಗಲಪ್ಪ ಏಳಲಿಲ್ಲ. ಕಾಶಿರಾಮ ಬೇರೆ ಕಡೆ ನೋಡಿದ. ಹಣಮಯ್ಯ ಕಲ್ಲಾಗಿ ಕೂತಿದ್ದ. ನಾಲ್ಕೂವರೆಯಾಯಿತು, ಐದಾಯಿತು. ಬೈಯುವವರೂ ಇಲ್ಲ, ಬಿಡಿಸುವವರೂ ಇಲ್ಲ. ಮಾಸ್ತರರ ಹೆಗಲು ಮರಗಟ್ಟಿತು, ಮೊಣಕಾಲು ಹಳೆಯ ಹಾಗೇ ನಡುಗತೊಡಗಿತು. ಇನ್ನೇನು ಟಕ್ ಎನ್ನುತ್ತದೆ, ಇಷ್ಟು ದಿನ ಕೇಳಿಸುತ್ತಿದ್ದದ್ದು ಹಿಂದಿನದಲ್ಲ, ಈಗ ಆಗಲಿರುವುದು ಎಂದು ಅವರಿಗೆ ಅನಿಸಿತು. ಹೆದರಿಕೆಗೆ ಕಣ್ಣೀರು ಬಂತು.

ಹೆಂಗಸರ ಸಾಲಿನಿಂದ ಲಚ್ಚಮ್ಮ ಎದ್ದಳು.

"ಏ ಲಚ್ಚಮ್ಮ, ಹೆಣ್ಮಕ್ಕಳು ವೀಣಾ ಹಾಕ್ಕೊಂಡಿದ್ದು ನಮ್ಮೂರಾಗ ಇಲ್ಲ," ಎಂದ ಹಣಮಯ್ಯ. ದನಿಯಲ್ಲಿ ಹಳೆಯ ಜೋರು ಇರಲಿಲ್ಲ.

"ಪಟ್ಟಿನಾಗ ನಮ್ಮ ಮನಿ ಹೆಸರದ," ಎಂದಳು ಆಕೆ, ಗೋಡೆಯ ಕಡೆ ಕೈ ಮಾಡಿ. ಮಾಸ್ತರರ ಹೆಸರಿನ ಕೆಳಗೆ ಬಾಲರಾಜ ಎಂದು ಹಾಗೆಯೇ ಇತ್ತು. ಯಾರೂ ಹೊಡೆದುಹಾಕಿರಲಿಲ್ಲ.

ಆಕೆ ನಡೆದು ಬಂದು ಮಾಸ್ತರರ ಎದುರು ನಿಂತಳು. ವೀಣೆಗೆ ಕೈ ಹಾಕಲಿಲ್ಲ. ಅಂಗೈ ಚಾಚಿ ಅವರ ಹಣೆಯ ಮೇಲೆ ಇಟ್ಟಳು. ಕೂಸಿನ ಜ್ವರ ನೋಡುವ ಹಾಗೆ ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು.

"ತಣ್ಣಗ ಅದ," ಎಂದಳು. ಆಮೇಲೆ ಅವರಿಗೊಬ್ಬರಿಗೇ ಕೇಳಿಸುವ ಹಾಗೆ ಅಂದಳು: "ಅವತ್ತ ಅವಗ ಸುಟ್ಟಿತ್ತು. ಸುಟ್ರೂ ವೀಣಾ ತಗೊಂಡ."

ಬಗ್ಗಿ ಅವರ ಕಾಲು ಮುಟ್ಟಿದಳು. ಪದ್ಧತಿಯಂತೆ ಮಾಸ್ತರರೂ ಆಕೆಯ ಕಾಲು ಮುಟ್ಟಿದರು. ಲಚ್ಚಮ್ಮ ವೀಣೆಯನ್ನು ಕೊರಳಿಗೆ ಹಾಕಿಕೊಂಡು ನಾಮ ಎತ್ತಿದಳು. ಮಾಸ್ತರರು ಬಾಲರಾಜ ಹಾಸಿದ ಕಲ್ಲಿನ ಮೇಲೆ, ಆಕೆಯ ಕಾಲ ಬಳಿಯೇ, ಏಳಲಾಗದೆ ಕೂತಿದ್ದರು.