ಗಡಿಕಲ್ಲಿನ ಹೂವು

ಉಗುರಿನಷ್ಟೂ ದಪ್ಪವಿಲ್ಲದ ಕಲ್ಲುಹೂವಿನ ವಿಷಯ ಇದು. ಇಷ್ಟು ಸಣ್ಣದನ್ನು ಕಥೆಯೆಂದು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮಿಸಬೇಕು.

ರೇಣುಕಾಪ್ರಸಾದ ಸಂಜೆ ರಾಯದುರ್ಗದಲ್ಲಿ ತರಗತಿಗೆ ಹೋಗುತ್ತಿದ್ದ. ಹಗಲು ಸರ್ವೇಯರ್ ಜೊತೆ ಸಹಾಯಕ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟು ಅವನಿಗೆ ಗೊತ್ತಿಲ್ಲ. ಗುಮ್ಮಗಟ್ಟದ ಕಡೆ ಉಜ್ಜಿನಮ್ಮನ ಹೊಲದ ಗಡಿಕಲ್ಲಿಗೆ ನಂಬರ್ ಬರೆಯಲು ಹೇಳಿದ್ದರು. ಕಲ್ಲಿನ ತುಂಬ ಬೂದಿಬಣ್ಣದ ಕಲ್ಲುಹೂವು ಹತ್ತಿತ್ತು. ಬಣ್ಣ ನಿಲ್ಲುವುದಿಲ್ಲವೆಂದು ತಂತಿ ಬ್ರಷ್ಷಿನಿಂದ ತಿಕ್ಕಿದ, ಬುಡದ ಮಣ್ಣನ್ನೂ ಕೆದಕಿ ತಿಕ್ಕಿದ. ಮೇಲೆ ಸುಣ್ಣ ಬಳಿದು ನಂಬರ್ ಬರೆದ. ಉಜ್ಜಿನಮ್ಮನ ಮನೆಯಲ್ಲಿ ಮಜ್ಜಿಗೆ ಕುಡಿದು ಹೋದ.

ಮರುದಿನ ಸರ್ವೇಯರ್ ಬಂದಾಗ ಪಕ್ಕದ ಹೊಲದ ದೊಡ್ಡಮಲ್ಲಪ್ಪ ತಕರಾರು ತೆಗೆದ.

"ಹ್ವಾದ ಬ್ಯಾಸಿಗ್ಯಾಗ ಈಕಿ ಕಲ್ಲು ಕಿತ್ತು ನಮ್ಮ ಹೊಲದಾಗ ಎರಡು ಮೊಳ ಒಳಗ ನೆಟ್ಟಾಳ್ರಿ."

ಉಜ್ಜಿನಮ್ಮ ಗಾಬರಿಯಾಗಲಿಲ್ಲ. "ಕಲ್ಲುಹೂವು ಮಣ್ಣೊಳಗ ಬೆಳಿಯಂಗಿಲ್ರಿ. ನೆಲದ ಗೆರಿತನಕ ಬಂದು ನಿಂತಿರ್ತದ. ಕಿತ್ತು ನೆಟ್ಟಿದ್ರ ಗೆರಿ ತಪ್ಪಿರ್ತದ. ಬರ್ರಿ, ನೀವ ನೋಡ್ರಿ."

ಕಲ್ಲಿನ ಮುಂದೆ ಬಂದು ಅವಳು ನಿಂತುಬಿಟ್ಟಳು.

"ಸುಣ್ಣ ಬಳದು ಮದುಮಗನ್ನ ಮಾಡಿ ನಿಲ್ಲಿಸ್ಯಾರಲ್ಲಬೆ," ಎಂದು ದೊಡ್ಡಮಲ್ಲಪ್ಪ ನಕ್ಕ. "ಹೂವು ಬಾಸಿಂಗಕ್ಕ ಹೋಗಿರಬೇಕು."

ಸರ್ವೇಯರ್ ಜೊತೆಗಿದ್ದ ರೇಣುಕಾಪ್ರಸಾದನ ಕಡೆ ತಿರುಗಿದರು. "ತಿಕ್ಕುವಾಗ ಹೂವು ನೆಲದ ತನಕ ಇತ್ತೇನಯ್ಯಾ?"

ಇತ್ತು ಎಂದರೆ ಸಾಕಿತ್ತು. ಆದರೆ ಅವನು ನೋಡಿರಲಿಲ್ಲ, ತಿಕ್ಕಿದ್ದ ಅಷ್ಟೇ. ಮುಖ ಕಾದ ಹಂಚಿನಂತಾಯಿತು.

"ಗಮನಿಸಲಿಲ್ಲ ಸಾರ್."

"ಒಂದು ಮಾತು ಕೇಳಬಾರದೇನಪ್ಪಾ," ಎಂದಳು ಉಜ್ಜಿನಮ್ಮ. "ಮನಿ ಇಲ್ಲೇ ಇತ್ತು." ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹಳೆಯ ನಕ್ಷೆ ಇಟ್ಟುಕೊಂಡು ಟೇಪು ಹಿಡಿದರು. ಮಾಸಿದ ಗೆರೆ ದೊಡ್ಡಮಲ್ಲಪ್ಪನ ಮಾತಿಗೇ ಹೊಂದುವಂತೆ ಕಂಡಿತು. ಹಾರೆ ಹಾಕಿ ಕಲ್ಲು ಎಬ್ಬಿಸಿ, ಉಜ್ಜಿನಮ್ಮನ ಕಡೆಗೆ ಎರಡು ಮೊಳ ಸರಿಸಿ ನೆಟ್ಟವನು ರೇಣುಕಾಪ್ರಸಾದನೇ. ಅವಳ ಒಂದು ಸಾಲು ತೊಗರಿ ಆಚೆಗೆ ಸೇರಿತು. ಅವನು ತಲೆ ಎತ್ತಲಿಲ್ಲ.

ಅಂದು ತರಗತಿಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಬದುವಿನ ಕಲ್ಲುಗಳ ಮುಂದೆ ಮಂಡಿಯೂರಿ ನೋಡಿದ. ಕೆಲವುಗಳಲ್ಲಿ ಹೂವು ಅವಳು ಹೇಳಿದಂತೆ ನೆಲದ ಗೆರೆಗೇ ನಿಂತಿತ್ತು. ಮಳೆಗೆ ಮಣ್ಣು ಕೊಚ್ಚಿಹೋದ ಕಡೆ, ಯಾರೂ ಮುಟ್ಟದ ಕಲ್ಲಿನಲ್ಲೂ ಒಂದು ಬೆರಳಷ್ಟು ಬರಿದಾಗಿತ್ತು. ಉಜ್ಜಿನಮ್ಮನ ಕಲ್ಲಿನಲ್ಲಿ ಹೇಗಿತ್ತು, ಆ ಕಲ್ಲು ಮೊದಲಿನಿಂದ ಅಲ್ಲೇ ಇತ್ತೋ ಇಲ್ಲವೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.